ಭಾವನ ಜೊತೆ ಮುಂಬೈ ಕೆಸರಿನಲ್ಲಿ

ಹೊರಡುವ ಮೊದಲು

ನನ್ನ ಹತ್ತಿರ ಪಾಸ್‌ಪೋರ್ಟ್ ಉಂಟು. ಮಸ್ಕತ್ತಿನಲ್ಲಿದ್ದ ತಂಗಿ ಕರೆದಳೆಂದು ಮಾಡಿಸಿದ್ದು. ಅದು ಕೈಗೆ ಬರುವಷ್ಟರಲ್ಲಿ ತಂಗಿಯೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದುಬಿಟ್ಟಳು. ಅದರೊಳಗಿನ ಫೋಟೋದಲ್ಲಿ ನಾನು ಯಾರನ್ನೋ ಬೈಯಲು ಬಾಯಿ ತೆರೆಯುವವಳ ಹಾಗೆ ಕಾಣುತ್ತೇನೆ. ಅಷ್ಟು ಚೆಂದದ ಪುಸ್ತಕ ಕಪಾಟಿನಲ್ಲಿ ಕೊಳೆಯುವುದು ಬೇಡವೆಂದು ಮುಂಬೈಗೆ ಹೊರಟಾಗ ಅದನ್ನೇ ಕೈಚೀಲಕ್ಕೆ ಹಾಕಿಕೊಂಡೆ. ಪಾಸ್‌ಪೋರ್ಟ್ ಹಿಡಿದು ಊರು ದಾಟಿದರೆ ಅದು ವಿದೇಶ ಪ್ರವಾಸವೇ. ಅಲ್ಲ ಎನ್ನುವವರು ನಮ್ಮ ಮನೆಗೆ ಬರಲಿ, ಮಾತಾಡುವಾ.

ನಮ್ಮದು ಉಡುಪಿ ಕಡೆಯ ಒಂದು ಕೋಡಿ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಹೊಳೆ, ನಡುವೆ ಉದ್ದಕ್ಕೆ ಮಲಗಿದ ಮರಳಿನ ಮೇಲೆ ನಾವು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆ ಹತ್ತಿರವೇ ಇರುವುದರಿಂದ ಸಮುದ್ರದ ನೀರು ಉಬ್ಬರಕ್ಕೆ ಹಿಂದಿನ ಬಾಗಿಲಿನಿಂದಲೂ ಬರುತ್ತದೆ. ಹಾಗೆ ಬಂದು ದಂಡೆಯನ್ನು ವರ್ಷ ವರ್ಷವೂ ತಿನ್ನುತ್ತದೆ. ಮೊದಲು ತೆಂಗಿನ ಮರಗಳು ಹೋದವು. ಆಮೇಲೆ ದೋಣಿ ಕಟ್ಟುವ ಕಟ್ಟೆ ಹೋಯಿತು. ಹೋದ ಮಳೆಗಾಲದಲ್ಲಿ ನನ್ನ ಗಂಡನ ಅಣ್ಣ ವಿಠಲ ಭಾವನ ಪಾಯಿಖಾನೆ ಹೋಯಿತು. ಹೊಸದಾಗಿ ನೀಲಿ ಟೈಲ್ಸ್ ಹಾಕಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದ ಪಾಯಿಖಾನೆ. ಪುಣ್ಯಕ್ಕೆ ಆ ಹೊತ್ತಿನಲ್ಲಿ ಭಾವ ಒಳಗಿರಲಿಲ್ಲ.

ಅಂದಿನಿಂದ ಭಾವನಿಗೆ ಕಲ್ಲಿನ ಹುಚ್ಚು ಹಿಡಿಯಿತು. ಹೊಳೆದಂಡೆಗೆ ಉದ್ದಕ್ಕೂ ಕರಿಗಲ್ಲು ಸುರಿಯಬೇಕು, ಸಮುದ್ರದ ಸೊಕ್ಕು ಮುರಿಯಬೇಕು ಎಂದು ಕಂಡಕಂಡವರಲ್ಲಿ ಹೇಳತೊಡಗಿದರು. ನನ್ನ ವಾದ ಬೇರೆ. ದಂಡೆಗೆ ಕಾಂಡ್ಲಾ ಗಿಡ ನೆಡಬೇಕು. ಉಪ್ಪು ನೀರಿನ ಕೆಸರಿನಲ್ಲಿ ಬೇರು ಬಿಟ್ಟು ನಿಲ್ಲುವ ಮರ ಅದು, ಅದರ ಬೇರು ಮಣ್ಣನ್ನು ಹಿಡಿದು ಕೂರುತ್ತದೆ. ಇದರಲ್ಲಿ ನನ್ನ ಸ್ವಾರ್ಥವೂ ಉಂಟು, ಮುಚ್ಚಿಡುವುದು ಯಾಕೆ? ಅಂಗನವಾಡಿ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ದೊಡ್ಡ ಸುಖವೆಂದರೆ ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಮರುವಾಯಿ, ಅಂದರೆ ಸಾರು ಮಾಡುವ ಚಿಪ್ಪು, ಹೆಕ್ಕುವುದು. ಮೊಣಕಾಲು ಕೆಸರಿನಲ್ಲಿ ನಿಂತು, ಕಾಲಿನ ಬೆರಳಿಗೆ ಚಿಪ್ಪು ತಾಗಿದ ಕೂಡಲೇ ಬಗ್ಗಿ ಎತ್ತುವುದು, ನಾಲ್ಕು ಹೆಂಗಸರು ಸೇರಿ ಊರಿನವರನ್ನೆಲ್ಲ ಆಡಿಕೊಳ್ಳುವುದು. ಆಚೆ ಊರಿನವರು ದಂಡೆಗೆ ಕಲ್ಲು ಸುರಿದರು. ಈಗ ಅವರಿಗೆ ಇಳಿಯಲು ದಾರಿಯಿಲ್ಲ, ಇಳಿದರೂ ಚಿಪ್ಪಿಲ್ಲ. ಅಲ್ಲಿನ ಹೆಂಗಸರು ಮಾರ್ಕೆಟಿನಲ್ಲಿ ಮರುವಾಯಿ ಕೊಂಡು ಮುಖ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ. ಆ ಗತಿ ನನಗೆ ಬರುವುದು ಬೇಡ ಎಂದು ರಾತ್ರಿ ಹಗಲು ಅದೇ ಚಿಂತೆ.

ಕಲ್ಲೋ ಗಿಡವೋ ಎಂದು ತೀರ್ಮಾನಿಸಲು ಊರಿನ ಸಭೆ ಗೊತ್ತಾಗಿತ್ತು. ದಂಡೆಯ ಮನೆಯವರೆಲ್ಲ ಭಾವನ ಕೈ ನೋಡಿ ಕೈ ಎತ್ತುವವರು. ನಮ್ಮಿಬ್ಬರ ಜಗಳ ಕೇಳಿ ಕೇಳಿ ನನ್ನ ಗಂಡನ ಕಿವಿ ತೂತಾಗಿತ್ತು. ಅವರೇ ಒಂದು ದಿನ ಊಟದ ಎಲೆಯಿಂದ ಎದ್ದು ಹೇಳಿದರು: "ಮುಂಬೈಯಲ್ಲಿ ಎರಡೂ ಉಂಟಂತೆ. ಇಬ್ಬರೂ ಹೋಗಿ ನೋಡಿ ಬನ್ನಿ. ಸೋತವರು ಸಭೆಯಲ್ಲಿ ಗೆದ್ದವರ ಪರ ಕೈ ಎತ್ತಬೇಕು. ನನಗೆ ನಾಲ್ಕು ದಿನ ನಿದ್ದೆಯಾದರೂ ಸಿಕ್ಕೀತು."

ಭಾವ ಒಪ್ಪಿದರು. ಹಾಗೆ ನನ್ನ ವಿದೇಶ ಪ್ರವಾಸ ಶುರುವಾಯಿತು.

ರೈಲು

ಭಾವನ ಕೈಯಲ್ಲಿ ಎರಡೇ ಸಾಮಾನು. ಒಂದು ಉದ್ದ ಹಿಡಿಕೆಯ ಕಪ್ಪು ಕೊಡೆ. ಅದರ ಅಡಿಯಲ್ಲಿ ಇಡೀ ಭಜನಾ ಮಂಡಳಿ ನಿಲ್ಲಬಹುದು. ಇನ್ನೊಂದು ಸಣ್ಣ ಚೀಲ. ಚೀಲವನ್ನು ಸೀಟಿನ ಅಡಿಗೆ ದೂಡಲು ಹೋದೆ. ಅದು ಅಲ್ಲಾಡಲಿಲ್ಲ.

"ಎಂತ ಉಂಟು ಭಾವ ಇದರಲ್ಲಿ?"

"ಸ್ಯಾಂಪಲ್."

ತೆರೆದು ನೋಡಿದರೆ ಬಿಳಿ ಟವೆಲಿನಲ್ಲಿ ಸುತ್ತಿ ಮಲಗಿಸಿದ ಕರಿಗಲ್ಲು! ತೆಂಗಿನಕಾಯಿಗಿಂತ ದೊಡ್ಡದು. ಎರಡು ಅಂಗಿ, ಒಂದು ಪಂಚೆ ಅದರ ಪಕ್ಕದಲ್ಲಿ ಹೆದರಿ ಮುದುಡಿದ್ದವು.

"ಮುಂಬೈಯವರು ಎಂಥ ಕಲ್ಲು ಹಾಕಿದ್ದಾರೆ, ನಮ್ಮದು ಎಂಥದ್ದು, ಪಕ್ಕದಲ್ಲಿಟ್ಟು ನೋಡುವುದು ಬೇಡವಾ?" ಎಂದರು ಭಾವ. "ನಿನ್ನ ಹಾಗೆ ಬರೀ ಬಾಯಲ್ಲಿ ವಾದ ಮಾಡುವವನಲ್ಲ ನಾನು."

ಟಿಕೆಟ್ ನೋಡುವವರು ಬಂದು ಗುರುತಿನ ಚೀಟಿ ಕೇಳಿದರು. ನಾನು ಗತ್ತಿನಿಂದ ಪಾಸ್‌ಪೋರ್ಟ್ ಚಾಚಿದೆ. ಅವರು ಖಾಲಿ ಪುಟಗಳನ್ನೆಲ್ಲ ತಿರುವಿ, ಫೋಟೋ ನೋಡಿ, ನನ್ನನ್ನು ನೋಡಿ, "ಕಹಾಂ ಜಾ ರಹೀ ಹೋ, ಮೇಡಮ್?" ಎಂದು ಕೇಳಿದರು. "ಮುಂಬೈ" ಎಂದೆ. ಮರಳಿಸಿ ಮುಂದಿನ ಸೀಟಿಗೆ ಹೋದರು. ವಿದೇಶಕ್ಕೆ ಹೋಗುವಾಗ ಇಷ್ಟಾದರೂ ವಿಚಾರಣೆ ಆಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ಕಾಂದಿವಲಿ

ನಾವು ಇಳಿದುಕೊಂಡದ್ದು ನನ್ನ ಅಣ್ಣನ ಮಗಳು ಶ್ರೇಯಾಳ ಮನೆಯಲ್ಲಿ. ಅಣ್ಣ ಅತ್ತಿಗೆ ತೀರ್ಥಯಾತ್ರೆಗೆ ಹೋಗಿದ್ದರು. ಶ್ರೇಯಾ ಹುಟ್ಟಿ ಬೆಳೆದದ್ದು ಕಾಂದಿವಲಿಯಲ್ಲೇ. ಅವಳ ಕನ್ನಡ ಮಳೆಗಾಲದ ಕರೆಂಟಿನ ಹಾಗೆ, ನಡುನಡುವೆ ಹೋಗುತ್ತದೆ. ವಾರವಿಡೀ ಆಫೀಸು, ಭಾನುವಾರ ಬಂದರೆ ಗೆಳೆಯರ ಜೊತೆ ಖಾಡಿಗೆ ಹೋಗಿ ಕಾಂಡ್ಲಾ ನೆಡುತ್ತಾಳೆ. ಖಾಡಿ ಎಂದರೆ ಇಲ್ಲಿ ಸಮುದ್ರ ಊರೊಳಗೆ ಚಾಚಿದ ನಾಲಿಗೆ. ಅವಳು ಫೋನಿನಲ್ಲಿ ಕಳಿಸುತ್ತಿದ್ದ ಫೋಟೋಗಳೇ ನನ್ನ ತಲೆಯಲ್ಲಿ ಈ ಹುಳ ಬಿಟ್ಟದ್ದು.

ಬಿಲ್ಡಿಂಗಿನ ವಾಚ್‌ಮನ್ ಭಾವನ ಚೀಲ ಎತ್ತಿ ನೋಡಿ, ತೆರೆಸಿ, "ಪತ್ಥರ್?" ಎಂದ.

"ಸ್ಯಾಂಪಲ್" ಎಂದರು ಭಾವ.

ವಾಚ್‌ಮನ್ ಮೂಸಿ ನೋಡಿ ಒಳಗೆ ಬಿಟ್ಟ. ಏಳನೇ ಮಾಳಿಗೆಯ ಗಾಳಿಗೆ ಶ್ರೇಯಾಳ ಮನೆ ಬಾಗಿಲು ಪಟಾರನೆ ಬಡಿದುಕೊಳ್ಳುತ್ತಿತ್ತು. ಅವಳು ಭಾವನ ಕಲ್ಲನ್ನು ನೋಡಿದವಳೇ, "ಅರೆ ವಾಹ್ ಅಜ್ಜ, ಪರ್ಫೆಕ್ಟ್! ನಮಗೆ ಇದೇ ಬೇಕಿತ್ತು" ಎಂದು ಟವೆಲು ಬಿಚ್ಚಿ ಬಾಗಿಲಿಗೆ ಆನಿಸಿ ಇಟ್ಟಳು. ಭಾವ ಖಾಲಿ ಟವೆಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಕಲ್ಲು ಅಲ್ಲೇ ಉಳಿಯಿತು.

ಒಂದು ದೂರು ಇಲ್ಲೇ ಹೇಳಿಬಿಡುತ್ತೇನೆ. ಮುಂಬೈಯಲ್ಲಿ ವಿದೇಶ ಸಿಗಬೇಕಾದರೆ ಬಹಳ ಕಷ್ಟಪಡಬೇಕು. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಮೂವರು ಕೂರುವ ಸೀಟಿಗೆ ನಾಲ್ಕನೆಯವಳು ಬಂದು, ಏನೂ ಕೇಳದೆ, ಅರ್ಧ ಸೊಂಟ ಊರಿ ಕೂರುತ್ತಾಳೆ. ಉಳಿದರ್ಧ ಗಾಳಿಯಲ್ಲಿ. ಅದಕ್ಕೆ ಫೋರ್ತ್ ಸೀಟ್ ಎಂದು ಹೆಸರು, ಅದು ಹಕ್ಕು, ಯಾರೂ ಗೊಣಗುವುದಿಲ್ಲ. ನಮ್ಮೂರ ಬಸ್ಸಿನಲ್ಲಿ ಹೀಗೆ ಮಾಡಿದರೆ ಮೂರು ತಲೆಮಾರಿನ ಜಗಳ. ಅಬ್ಬ, ಕೊನೆಗೂ ಒಂದು ಪರದೇಶದ ಪದ್ಧತಿ ಸಿಕ್ಕಿತು ಎಂದು ನಾನೂ ಸಂಭ್ರಮದಿಂದ ಅರ್ಧ ಸೊಂಟ ಊರಿದೆ. ಊರುವಾಗ ಪಕ್ಕದವಳ ಕಾಲು ತುಳಿದೆ. ಅವಳು ನನ್ನನ್ನು ಶುದ್ಧ ತುಳುವಿನಲ್ಲಿ ಬೈದಳು. ಆಮೇಲೆ ವಿಚಾರಿಸಿದರೆ ಅವಳ ತವರು ನಮ್ಮಿಂದ ಎರಡು ಊರು ಆಚೆ.

ಮರೀನ್ ಡ್ರೈವ್

ಮೊದಲ ಪಾಳಿ ಭಾವನದು. ಶ್ರೇಯಾ ನಮಗೆ ಗುರುತಿನ ಟ್ಯಾಕ್ಸಿ ಹೇಳಿದ್ದಳು. ಓಡಿಸುವವರು ವಿಜಯಪುರ ಕಡೆಯ ಇಮಾಮ್‌ಸಾಬ್. ಮನೆ ಆಂಟಾಪ್ ಹಿಲ್‌ನಲ್ಲಿ. ಮನೆಯಲ್ಲಿ ದಖ್ಖನಿ, ನೆರೆಮನೆಯವರ ಜೊತೆ ತಮಿಳು, ಪೊಲೀಸರ ಜೊತೆ ಮರಾಠಿ, ನಮ್ಮ ಜೊತೆ ಅವರೂರ ಕನ್ನಡ.

"ಎಲ್ಲಿಂದ ಬಂದ್ರಿ, ಅಕ್ಕಾರ?"

"ಉಡುಪಿ ಕಡೆ. ಮನೆಯ ಎದುರಲ್ಲೇ ಸಮುದ್ರ."

"ಇಲ್ಲೇನ್ ನೋಡಾಕ ಬಂದೀರಿ?"

"ಸಮುದ್ರ."

ಇಮಾಮ್‌ಸಾಬ್ ಗಾಡಿ ನಿಧಾನ ಮಾಡಿ ಹಿಂದಕ್ಕೆ ತಿರುಗಿ ನಮ್ಮಿಬ್ಬರ ಮುಖವನ್ನು ಸರಿಯಾಗಿ ನೋಡಿದರು. "ಮನಿ ಮುಂದಿಂದು ಕೆಟ್ಟೈತೇನ್ರಿ?" ಎಂದರು.

ಮರೀನ್ ಡ್ರೈವ್‌ನಲ್ಲಿ ಸಮುದ್ರದ ಅಂಚಿಗೆ ನಾಲ್ಕು ಕಾಲಿನ ಕಾಂಕ್ರೀಟು ಗುಡ್ಡೆಗಳನ್ನು ಒಂದರ ಮೇಲೊಂದು ರಾಶಿ ಹಾಕಿದ್ದಾರೆ. ದೊಡ್ಡ ರಾಕ್ಷಸನೊಬ್ಬ ಗಜ್ಜುಗದ ಆಟ ಆಡಿ ಎದ್ದು ಹೋದ ಹಾಗೆ. ಭಾವ ಅದನ್ನು ನೋಡಿ ನಿಂತಲ್ಲೇ ನಿಂತರು. ಅವರ ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಕಳೆ ಇರಲಿಲ್ಲ ಎಂದು ಅಕ್ಕ, ಅಂದರೆ ಅವರ ಹೆಂಡತಿ, ಫೋಟೋ ನೋಡಿ ಆಮೇಲೆ ಹೇಳಿದರು.

"ಸರೋಜ, ನೋಡು. ಇದು ಕೆಲಸ. ಇದು ಗಂಡು ಕೆಲಸ."

ಮಳೆ ಹನಿಯುತ್ತಿತ್ತು. ಆದರೂ ಗೋಡೆಯ ಮೇಲೆ ಉದ್ದಕ್ಕೂ ಜೋಡಿಗಳು, ಒಂದೊಂದು ಕೊಡೆಯ ಅಡಿಯಲ್ಲಿ ಇಬ್ಬಿಬ್ಬರು, ನಮಗೆ ಬೆನ್ನು ಹಾಕಿ, ಸಮುದ್ರಕ್ಕೆ ಮುಖ ಮಾಡಿ. ಭಾವ ಆ ಕಡೆ ನೋಡದ ಹಾಗೆ ನೋಡಿ, ಕೆಮ್ಮಿ, "ಇದೆಲ್ಲ ಗಟ್ಟಿ ಅಡಿಪಾಯ ಇದ್ದರೆ ಮಾತ್ರ ಆಗುವುದು" ಎಂದರು.

ಫೋಟೋ ತೆಗೆಯಬೇಕೆಂದು ಅಪ್ಪಣೆಯಾಯಿತು. ಭಾವ ಕೊಡೆ ಬಿಡಿಸಿ ಹಿಡಿದು, ಇನ್ನೊಂದು ಕೈಯನ್ನು ಆ ಕಲ್ಲುಗಳ ಕಡೆಗೆ ಚಾಚಿ, ತಾನೇ ಕಟ್ಟಿಸಿದವರ ಹಾಗೆ ನಿಂತರು. ನಾನು ಫೋನು ಎತ್ತಿದೆ. ಆಗ ಉಬ್ಬರದ ಅಲೆಯೊಂದು ಬಂದು ಕೆಳಗಿನ ಕಾಂಕ್ರೀಟಿಗೆ ಧಡ್ ಎಂದು ಹೊಡೆದು, ಮುಂದೆ ಹೋಗಲು ದಾರಿಯಿಲ್ಲದೆ, ನೇರ ಮೇಲಕ್ಕೆದ್ದು ಇಡಿಯಾಗಿ ಭಾವನ ತಲೆಯ ಮೇಲೆ ಬಿತ್ತು. ಫೋಟೋದಲ್ಲಿ ಭಾವ ಇಲ್ಲ. ಬಿಳಿ ನೀರು ಉಂಟು, ಅದರ ನಡುವೆ ಉಲ್ಟಾ ಆದ ಒಂದು ಕೊಡೆ ಉಂಟು.

"ನೋಡಿದಿರಾ ಭಾವ, ಕಲ್ಲಿಗೆ ಹೊಡೆದ ಅಲೆಗೆ ಸಿಟ್ಟು ಇಳಿಯುವುದಿಲ್ಲ" ಎಂದೆ, ನಗು ತಡೆದುಕೊಂಡು.

ಭಾವ ಬಾಯಿಂದ ಉಪ್ಪುನೀರು ಉಗಿದು ಹಿಂದೆ ತಿರುಗಿ ಕೈ ತೋರಿಸಿದರು. "ರಸ್ತೆ ಉಂಟಾ ಇಲ್ಲವಾ? ಅದು ಹೇಳು ಮೊದಲು."

ರಸ್ತೆ ಇತ್ತು. ಬಸ್ಸು ಕಾರು ಎಲ್ಲ ತಮ್ಮ ಪಾಡಿಗೆ ಓಡುತ್ತಿದ್ದವು. ಇಷ್ಟು ದೊಡ್ಡ ಊರು ಕಲ್ಲನ್ನು ನಂಬಿ ಕೂತಿರುವಾಗ ನನ್ನ ಗಿಡದ ಮಾತನ್ನು ಯಾರು ಕೇಳುತ್ತಾರೆ ಎಂದುಕೊಂಡು ಟ್ಯಾಕ್ಸಿ ಹತ್ತಿದೆ. ಟ್ಯಾಕ್ಸಿಯಲ್ಲಿ ಭಾವ ಒದ್ದೆ ಪಂಚೆಯಲ್ಲಿ ಕೂತು ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದರು.

ಖಾಡಿ

ಮಾರನೆಯ ದಿನ ನನ್ನ ಪಾಳಿ. ಕಾಂದಿವಲಿಯಿಂದ ಆಚೆ, ಊರಿನ ಬಿಲ್ಡಿಂಗುಗಳೆಲ್ಲ ಮುಗಿದು ಇನ್ನೇನೂ ಇಲ್ಲ ಎನ್ನುವಲ್ಲಿ, ಹಸಿರು ಗೋಡೆಯ ಹಾಗೆ ಕಾಂಡ್ಲಾ ಕಾಡು ನಿಂತಿತ್ತು. ಪಕ್ಕದಲ್ಲಿ ಜನರನ್ನು ದಾಟಿಸುವ ಲಾಂಚ್‌ಗಳ ಕಲ್ಲಿನ ಜೆಟ್ಟಿ. ನಾನು ಹೊಟ್ಟೆಕಿಚ್ಚಿನಿಂದ ನೋಡಿದೆ. ಒಂದು ಸೇರು ಅಕ್ಕಿಗೆ ಪರದಾಡುವ ಹಾಗೆ ಜನ ಜಾಗಕ್ಕೆ ಪರದಾಡುವ ಊರಲ್ಲಿ ಇಷ್ಟು ಕಾಂಡ್ಲಾ ಉಂಟು, ನಮ್ಮಲ್ಲಿ ಇಲ್ಲ!

ಶ್ರೇಯಾ ಎಲ್ಲರಿಗೂ ಮೊಣಕಾಲಿನವರೆಗಿನ ರಬ್ಬರ್ ಬೂಟು ತಂದಿದ್ದಳು. ಭಾವ ಬೇಡವೆಂದರು. ಇಮಾಮ್‌ಸಾಬ್ ಬೂಟು ಹಾಕಿಕೊಂಡರು, ಆದರೆ ಜೆಟ್ಟಿಯ ಕಲ್ಲಿನಿಂದ ಕೆಳಗಿಳಿಯಲಿಲ್ಲ. "ಅಲ್ಲಿ ಏಡಿ ಅದಾವ್ರಿ, ಅಕ್ಕಾರ. ನಮ್ಮೂರಾಗ ಕಾಲು ಕಡಿಯೋವು ಇಷ್ಟು ಕಾಲು ಇಟ್ಕೊಂಡು ಅಡ್ಡಡ್ಡ ಓಡಂಗಿಲ್ಲ" ಎಂದರು.

ಶ್ರೇಯಾ ಕೆಸರಿನಿಂದ ಪೆನ್ಸಿಲುಗಳ ಹಾಗೆ ಮೇಲಕ್ಕೆ ಎದ್ದು ನಿಂತ ಬೇರುಗಳನ್ನು ತೋರಿಸಿದಳು. "ಅತ್ತೆ, ಇದರಿಂದ ಮರ ಸಾಂಸ್... ಉಸಿರು ತಗೊಳ್ತದೆ. ಮತ್ತೆ ಈ ಉದ್ದ ಉದ್ದ ಇದೆಯಲ್ಲ, ಅದು ಬೀಜ. ಮರದ ಮೇಲೇ ಮೊಳಕೆ ಬರ್ತದೆ, ಕೆಳಗೆ ಬಿದ್ದರೆ ಸೀದಾ ಮಣ್ಣಲ್ಲಿ ಖಡಾ... ನಿಂತುಬಿಡ್ತದೆ." ಒಂದು ಜಾತಿಯ ಕಾಂಡ್ಲಾದಲ್ಲಿ ಆ ಬೀಜಗಳು ಹಸಿರಾಗಿ, ಉದ್ದಕ್ಕೆ, ಥೇಟ್ ನುಗ್ಗೆಕಾಯಿಯ ಹಾಗೆ ಜೋತು ಬಿದ್ದಿದ್ದವು.

ನಾನು ಆಸೆಯಿಂದ, ಹೊಳೆ ಕಡೆಗೆ ಮಾತ್ರವಲ್ಲ, ಸಮುದ್ರದ ಕಡೆಗೂ ಇದನ್ನೇ ನೆಟ್ಟುಬಿಡುತ್ತೇವೆ ಎಂದೆ. ಶ್ರೇಯಾ ನಕ್ಕಳು. "ನಹೀ ಅತ್ತೆ! ಅಲ್ಲಿ ದೊಡ್ಡ ಅಲೆ, ಒಂದೇ ದಿನದಲ್ಲಿ ಎಲ್ಲ ಬಹ್ ಜಾಯೇಗಾ, ಕೊಚ್ಚಿ ಹೋಗ್ತದೆ. ಸಮುದ್ರ ಸೈಡಿಗೆ ಆ ಬಳ್ಳಿ ಇದೆಯಲ್ಲ, ಪಿಂಕ್ ಹೂವು, ಮರಳು ಮೇಲೆ ಹಬ್ಬೋದು?"

"ಅಡುಂಬು ಬಳ್ಳಿಯಾ? ಅದು ನಮ್ಮಲ್ಲಿ ರಾಶಿ ಬಿದ್ದಿದೆ."

"ಹಾಂ, ಅದೇ. ಅದನ್ನು ಯಾರೂ ಕೀಳಬೇಡಿ, ಬಸ್. ಅದು ಮರಳು ಹಿಡೀತದೆ."

ಹೊಳೆದಂಡೆಗೆ ನೆಡಲೆಂದು ಅವಳ ಗುಂಪಿನವರು ತಮ್ಮ ನರ್ಸರಿಯಿಂದ ಒಂದು ಕಟ್ಟು ಬೀಜ ಕೊಟ್ಟಿದ್ದರು. ಗೋಣಿಯಲ್ಲಿ ಸುತ್ತಿ ಟ್ಯಾಕ್ಸಿಯ ಡಿಕ್ಕಿಯಲ್ಲಿ ಇಡಿಸಿದೆ. ಬೂಟಿನ ಕೆಸರು ನನ್ನ ಕೈಚೀಲಕ್ಕೆ ಹಾರಿ, ಪಾಸ್‌ಪೋರ್ಟಿನ ಮೊದಲ ಖಾಲಿ ಪುಟಕ್ಕೆ ಒಂದು ದುಂಡನೆಯ ಕಲೆ ಬಿದ್ದಿತು. ನನ್ನ ಪಾಲಿಗೆ ಅದೇ ವೀಸಾ.

ಭಾವನಿಗೆ ಇದೆಲ್ಲ ಸಹಿಸಲಾಗಲಿಲ್ಲ. "ಈ ಕಡ್ಡಿಗಳು ಎಂತ ತಡೆಯುತ್ತವೆ? ಅಲ್ಲಾಡಿಸಿದರೆ ಕಿತ್ತು ಬರುತ್ತದೆ, ತೋರಿಸುತ್ತೇನೆ ತಾಳು" ಎಂದು ಪಂಚೆ ಎತ್ತಿ ಕಟ್ಟಿ, ಕೊಡೆ ಬಿಡಿಸಿಕೊಂಡು ಮರಗಳ ನಡುವೆ ಇಳಿದರು. ನಾಲ್ಕು ಹೆಜ್ಜೆ ಚೆನ್ನಾಗಿಯೇ ಹೋದರು. ಐದನೆಯದಕ್ಕೆ ಮೊಣಕಾಲಿನವರೆಗೆ ಹುಗಿದರು. ಎಳೆಯಲು ಹೋದರೆ ಇನ್ನೊಂದು ಕಾಲೂ ಹೋಯಿತು. ಮರವನ್ನು ಹಿಡಿದು ಅಲ್ಲಾಡಿಸಿದರು. ಮರ ಅಲ್ಲಾಡಲಿಲ್ಲ, ಭಾವ ಅಲ್ಲಾಡಿದರು. ಆ ರಭಸಕ್ಕೆ ಪಂಚೆ ಬಿಚ್ಚಿ ಒಂದು ಬೇರಿಗೆ ಸಿಕ್ಕಿಕೊಂಡಿತು.

"ಹಿಲೋ ನಕ್ಕೋ, ಅಜ್ಜಾರ! ಅಲ್ಲಾಡಬ್ಯಾಡ್ರಿ!" ಎಂದು ಇಮಾಮ್‌ಸಾಬ್ ಜೆಟ್ಟಿಯ ಮೇಲಿಂದ ಕೂಗಿದರು. ಶ್ರೇಯಾ ಹಲಗೆ ಹಗ್ಗ ತರಲು ಓಡಿದಳು. ಅಷ್ಟರಲ್ಲಿ ಉಬ್ಬರ ಶುರುವಾಗಿತ್ತು. ನಾನು ಇಮಾಮ್‌ಸಾಬ್ ಪಕ್ಕದಲ್ಲಿ ಜೆಟ್ಟಿಯ ಕಲ್ಲಿನ ಮೇಲೆ ನಿಂತು ಭಾವನಿಗೆ ಧೈರ್ಯ ಹೇಳಿದೆ. ನೀರು ಅವರ ತೊಡೆಗೆ ಬಂತು, ಸೊಂಟಕ್ಕೆ ಬಂತು. ಗಡ್ಡ ಬೆಳ್ಳಗಾದ ಆ ಮುಖದಲ್ಲಿ ಹೆದರಿಕೆ ಕಂಡಿತು. ಪಾಯಿಖಾನೆ ಹೋದ ದಿನವೂ ಹೀಗೇ ನಿಂತಿದ್ದರು, ಪಾಪ.

ಆಗ ಒಂದು ಲಾಂಚ್ ಭರ್ರನೆ ಬಂತು. ಅದರ ಹಿಂದೆ ಎದ್ದ ಅಲೆ ನಮ್ಮ ಕಡೆ ಹೊರಳಿತು. "ಭಾವ, ಅಲೆ! ಮರ ಹಿಡಿದುಕೊಳ್ಳಿ!" ಎಂದು ಕಿರುಚಿದೆ. ಭಾವ ಕಣ್ಣು ಮುಚ್ಚಿ ಮರವನ್ನು ಅಪ್ಪಿಕೊಂಡರು. ಅಲೆ ಜೆಟ್ಟಿಯ ಕಲ್ಲಿಗೆ ಫಟಾರನೆ ಬಡಿದು ಎದ್ದು ನನ್ನನ್ನೂ ಇಮಾಮ್‌ಸಾಬರನ್ನೂ ನೆತ್ತಿಯಿಂದ ಅಂಗಾಲಿನವರೆಗೆ ತೋಯಿಸಿತು. ಅದೇ ಅಲೆ ಮರಗಳ ಒಳಗೆ ಹೋಯಿತು, ಬೇರುಗಳ ನಡುವೆ ಹಂಚಿಹೋಗಿ, ಭಾವನ ಹತ್ತಿರ ತಲುಪುವಷ್ಟರಲ್ಲಿ ಸುಮ್ಮನಾಯಿತು. ಅವರ ಸೊಂಟದ ಸುತ್ತ ನೀರು ಒಂದಿಷ್ಟು ಏರಿ ಇಳಿಯಿತು, ಅಷ್ಟೆ.

ಭಾವ ಒಂದು ಕಣ್ಣು ತೆರೆದರು. "ಅಲೆ ಎಲ್ಲಿ?" ಎಂದು ಕೇಳಿದರು.

"ಬಂದು ಹೋಯಿತು!"

"ಎಲ್ಲಿಗೆ?"

ಇನ್ನೊಂದು ಲಾಂಚ್ ಬಂತು. ನಾವು ಮತ್ತೆ ತೊಯ್ದೆವು. ಭಾವ ಈ ಸಲ ಕಣ್ಣು ಬಿಟ್ಟುಕೊಂಡೇ ನೋಡಿದರು. ನಾನು ಸೆರಗು ಹಿಂಡಿ, ಕಣ್ಣಿನ ಉಪ್ಪು ಒರೆಸಿಕೊಂಡು ನೋಡುವಾಗ ಅವರು ಸುರಿವ ಮಳೆಯಲ್ಲೂ ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಸೊಂಟದವರೆಗೆ ನೀರಲ್ಲಿ ನಿಂತ ಮೇಲೆ ಕೊಡೆ ಯಾಕೆ ಎಂದುಕೊಂಡೆ. ಶ್ರೇಯಾ ಹಲಗೆ ತಂದು, ಹಗ್ಗ ಎಸೆದು, ನಾವು ಮೂವರೂ ಎಳೆದಾಗ ಭಾವ ಬಾಟ್ಲಿಯ ಬಿರಡೆಯ ಹಾಗೆ ಪಕ್ಕನೆ ಬಂದರು. ಚಪ್ಪಲಿ ಅಲ್ಲೇ ಉಳಿಯಿತು.

"ಈಗ ಎಂತ ಹೇಳುತ್ತೀರಿ ಭಾವ?" ಎಂದು ಕೇಳಿದೆ.

"ಚಳಿ ಆಗುತ್ತದೆ" ಎಂದರು.

ಸಾಂತಾಕ್ರೂಜ್

ಶ್ರೇಯಾ ಅಲ್ಲಿಂದಲೇ ಆಫೀಸಿಗೆ ಹೋದಳು. ನಮಗೆ ಮೊದಲೇ ಗೊತ್ತು ಮಾಡಿದ ಒಂದು ಭೇಟಿ ಇತ್ತು. ಭಾವ ಪ್ರಾಯದಲ್ಲಿ ಸಾಂತಾಕ್ರೂಜಿನ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಂದಿನ ಜೊತೆಗಾರ ಶೀನ ಈಗಲೂ ಅಲ್ಲೇ ಅಡುಗೆ ಭಟ್ಟರು. ಇಮಾಮ್‌ಸಾಬ್ ಸೀಟಿನ ಮೇಲೆ ಪೇಪರು ಹಾಸಿ, ಅದರ ಮೇಲೆ ಭಾವನನ್ನು ಇಟ್ಟು ಕರೆದುಕೊಂಡು ಹೋದರು.

ಶೀನಣ್ಣ ಹಿಂದಿನ ಬಾಗಿಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದರು. "ಯಾರು? ವಿಠಲನಾ? ನೀನು ಊರಿಂದ ರೈಲಲ್ಲಿ ಬಂದದ್ದಾ, ಗಟಾರದಲ್ಲಿ ಬಂದದ್ದಾ?" ಪಾತ್ರೆ ತೊಳೆಯುವ ಜಾಗದಲ್ಲಿ ನಿಲ್ಲಿಸಿ ಪೈಪಿನಿಂದ ನೀರು ಬಿಟ್ಟರು. ಗಲಾಟೆಯಲ್ಲಿ ಇಮಾಮ್‌ಸಾಬ್ ನನ್ನ ಗೋಣಿಕಟ್ಟನ್ನು ಡಿಕ್ಕಿಯಿಂದ ಇಳಿಸಿ ಹಿಂದಿನ ಬಾಗಿಲ ಪಕ್ಕ ಒರಗಿಸಿ ಆಂಟಾಪ್ ಹಿಲ್‌ಗೆ ಹೊರಟರು. ಆ ಸಂಜೆ ಮಳೆಗೆ ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದ್ ಆಯಿತು. ನಾವು ಹೋಟೆಲಿನ ಮಾಳಿಗೆಯಲ್ಲೇ ಉಳಿದೆವು.

ಆ ಹೋಟೆಲಿನ ಪದ್ಧತಿ ಒಂದು ಉಂಟು. ತರಕಾರಿಯವನು ನಸುಕಿಗೆ ಮೊದಲೇ ಬಂದು ಗೋಣಿಗಳನ್ನು ಹಿಂದಿನ ಬಾಗಿಲಿಗೆ ಒರಗಿಸಿ ಹೋಗುತ್ತಾನೆ. ಅಲ್ಲಿ ಏನಿದ್ದರೂ ಅದು ಆ ದಿನದ ಸಾಂಬಾರು. ಯಾರೂ ಯಾರನ್ನೂ ಕೇಳುವುದಿಲ್ಲ. ಶೀನಣ್ಣನ ಕಣ್ಣಿಗೆ ಪೊರೆ ಬಂದಿದೆ, ಅದನ್ನು ಅವರು ಒಪ್ಪುವುದಿಲ್ಲ. "ಹೆಚ್ಚಲಿಕ್ಕೆ ಕಣ್ಣು ಯಾಕೆ? ಕೈಗೆ ಗೊತ್ತುಂಟು" ಎಂದು ಅವರ ಮಾತು.

ಬೆಳಿಗ್ಗೆ ನಮ್ಮ ಮುಂದೆ ಇಡ್ಲಿ, ಮೇಲೆ ಹೊಗೆಯಾಡುವ ಸಾಂಬಾರು ಬಂತು. ಭಾವ ಒಂದು ತುಂಡು ನುಗ್ಗೆಕಾಯಿ ಬಾಯಿಗಿಟ್ಟರು. ಜಗಿದರು. ಆ ಕಡೆಗೆ ದೂಡಿ ಜಗಿದರು, ಈ ಕಡೆಗೆ ದೂಡಿ ಜಗಿದರು.

"ಶೀನ, ಈ ನುಗ್ಗೆಕಾಯಿ ಯಾವ ಊರಿನದ್ದು ಮಾರಾ?"

"ಹೊಸ ತಳಿ ಕಾಣುತ್ತದೆ. ಒಳಗೆ ಬೀಜವೇ ಇಲ್ಲ. ಕತ್ತಿ ಮುರಿಯುವುದೊಂದು ಬಾಕಿ. ಕಹಿಗೆ ಬೆಲ್ಲ ಜಾಸ್ತಿ ಹಾಕಿದ್ದೇನೆ" ಎಂದರು ಶೀನಣ್ಣ ಹೆಮ್ಮೆಯಿಂದ.

ನಾನು ಎದ್ದು ಹಿಂದಿನ ಬಾಗಿಲಿಗೆ ಓಡಿದೆ. ಗೋಣಿ ಇತ್ತು. ಮಡಚಿ, ನೀಟಾಗಿ, ಖಾಲಿ.

ಹೊರಗೆ ಒಬ್ಬ ಗಿರಾಕಿ "ಯೇ ನಯಾ ಸಬ್ಜಿ ಕ್ಯಾ ಹೈ, ಥೋಡಾ ಔರ್ ದೋ" ಎನ್ನುತ್ತಿದ್ದ. ಇನ್ನೊಬ್ಬ ಹಲ್ಲು ಹಿಡಿದುಕೊಂಡು ಕೂತಿದ್ದ. ಎಲ್ಲರೂ ನಕ್ಕರು, ವಿಷಯ ತಿಳಿದ ಮೇಲೆ ಶೀನಣ್ಣನೂ ಹಣೆ ಚಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಅತ್ತುಬಿಟ್ಟೆ. ನರ್ಸರಿಯವರು ಕೊಡಬಹುದಾದದ್ದನ್ನೆಲ್ಲ ಕೊಟ್ಟಾಗಿತ್ತು, ನಮ್ಮ ರೈಲು ಅದೇ ದಿನ. ಸಭೆಯಲ್ಲಿ ನಾನು ಎಂತ ತೋರಿಸಲಿ? ಸಾಂಬಾರು ತೋರಿಸಲಾ?

ಭಾವ ಹಿಂದೆ ಬಂದು ನಿಂತರು. ಶೀನಣ್ಣನ ದೊಗಲೆ ಚಡ್ಡಿ, ಕಂಕುಳಲ್ಲಿ ಕೊಡೆ. ಒಂದು ಸಮಾಧಾನದ ಮಾತು ಆಡುತ್ತಾರೆಂದು ಕಾದೆ.

"ತಿನ್ನಲಿಕ್ಕೆ ಆಗುವುದಿಲ್ಲ" ಎಂದರು. "ಆದರೆ ಗಟ್ಟಿ ಉಂಟು."

ಮತ್ತೆ ಊರು

ಮರಳುವಾಗ ಭಾವ ಕಲ್ಲಿನ ಮಾತೂ ಆಡಲಿಲ್ಲ, ಗಿಡದ ಮಾತೂ ಆಡಲಿಲ್ಲ. ಕಲ್ಲನ್ನು ಶ್ರೇಯಾಳ ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಕೊಡೆಯನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡೇ ಮಲಗಿದರು. ಉಡುಪಿಯಲ್ಲಿ ಇಳಿದಾಗ ಆಕಾಶ ಹರಿದ ಹಾಗೆ ಮಳೆ. ಭಾವ ಕೊಡೆ ಬಿಡಿಸಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನೆನೆದುಕೊಂಡೇ ನಡೆದೆವು.

"ಭಾವ, ಕೊಡೆ ಉಂಟಲ್ಲ ಮಾರಾಯ್ರೇ, ಬಿಡಿಸಿ!"

"ಕಡ್ಡಿ ಮುರಿದಿದೆ" ಎಂದರು. ಮರೀನ್ ಡ್ರೈವಿನ ಅಲೆಗೆ ಮುರಿದಿರಬೇಕು, ನಾಚಿಕೆಗೆ ಹೇಳುತ್ತಿಲ್ಲ ಎಂದುಕೊಂಡೆ.

ಸಭೆ ಭಜನಾ ಮಂದಿರದಲ್ಲಿ ಸೇರಿತು. ನಾನು ಎದ್ದು ಕಂಡದ್ದನ್ನೆಲ್ಲ ಹೇಳಿದೆ. ಜೆಟ್ಟಿಯ ಅಲೆ, ಮರಗಳೊಳಗೆ ಸುಮ್ಮನಾದ ನೀರು, ಪೆನ್ಸಿಲಿನಂಥ ಬೇರು. ಕಲ್ಲಿನ ಕಡೆಯವರೊಬ್ಬರು ಕೇಳಿದರು: "ಬೀಜ ತರುತ್ತೇನೆ ಎಂದಿದ್ದಿರಲ್ಲ ಟೀಚರೇ, ಎಲ್ಲಿ?"

"ಸಾಂಬಾರಾಯಿತು" ಎಂದೆ.

ಮಂದಿರದ ಹಂಚು ಹಾರುವ ಹಾಗೆ ನಕ್ಕರು. ನನ್ನ ಗಂಡನೂ ನಕ್ಕರು, ಆಮೇಲೆ ನನ್ನ ಮುಖ ನೋಡಿ ಕೆಮ್ಮಿದರು. ಮರುವಾಯಿ ಹೆಕ್ಕುವ ನನ್ನ ಗೆಳತಿಯರು ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಇನ್ನು ನಮ್ಮ ಕಥೆ ಮುಗಿಯಿತು ಎಂದು ನಾನೂ ಕೂತೆ. ಎಲ್ಲರೂ ಭಾವನ ಕೈ ನೋಡುತ್ತಿದ್ದರು. ಭಾವ ಕೈ ಎತ್ತಲಿಲ್ಲ. ಎದ್ದು, ಕೊಡೆ ಹಿಡಿದುಕೊಂಡು ಮಳೆಯಲ್ಲಿ ಹೊರಟುಬಿಟ್ಟರು.

ಸಿಟ್ಟು ಬಂತೋ, ತಲೆ ಕೆಟ್ಟಿತೋ ಎಂದು ಇಡೀ ಸಭೆ ಅವರ ಹಿಂದೆ ಹೋಯಿತು. ಭಾವ ಸೀದಾ ಹೊಳೆದಂಡೆಗೆ ಬಂದು, ತಮ್ಮ ಪಾಯಿಖಾನೆಯ ಉಳಿದ ನಾಲ್ಕು ನೀಲಿ ಟೈಲ್ಸಿನ ಪಕ್ಕ ನಿಂತರು. ಕೊಡೆಯ ದಾರ ಬಿಚ್ಚಿದರು. ಬಿಡಿಸಿದರು. ಒಳಗಿನಿಂದ ಹಸಿರಾಗಿ, ಉದ್ದಕ್ಕೆ ಐದಾರು ಕಾಂಡ್ಲಾ ಬೀಜಗಳು ದಬದಬನೆ ಅವರ ಕಾಲಬುಡಕ್ಕೆ ಬಿದ್ದವು. ಕೊಡೆಯ ಒಂದು ಕಡ್ಡಿಯೂ ಮುರಿದಿರಲಿಲ್ಲ.

ಕೊಡೆಯನ್ನು ನನ್ನ ಕೈಗೆ ಕೊಟ್ಟು, "ಹಿಡಿ, ನೆನೆಯುತ್ತಿದ್ದಿ" ಎಂದರು. ಕೆಸರಿಗೆ ಇಳಿದು ಒಂದೊಂದೇ ಬೀಜವನ್ನು ಊರಿದರು. ಕೊನೆಯದನ್ನು ಊರಿ ಎದ್ದು, ಮೊಣಕೈವರೆಗೆ ಕೆಸರಾದ ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲಕ್ಕೆತ್ತಿ ನಿಂತರು. ದಂಡೆಯ ಮನೆಯವರ ಕೈಗಳು ಒಂದೊಂದಾಗಿ ಮಳೆಯಲ್ಲಿ ಎದ್ದವು. ನನಗೆ ಮತ್ತೆ ಅಳು ಬಂತು.

"ಯಾವಾಗ ತೆಗೆದಿಟ್ಟದ್ದು ಭಾವ?"

"ನಾನು ತೆಗೆದದ್ದಲ್ಲ. ಅಲ್ಲಿ ಕೆಸರಲ್ಲಿ ನಿಂತಿದ್ದಾಗ ನೀರಿನಲ್ಲಿ ತೇಲಿಕೊಂಡು ಬಂದು ಹೊಟ್ಟೆಗೆ ತಾಗಿದವು" ಎಂದರು ಭಾವ, ಎತ್ತಿದ ಕೈ ಇಳಿಸದೆ. "ಸಮುದ್ರವೇ ತಂದುಕೊಟ್ಟದ್ದು. ನನ್ನ ಪಾಯಿಖಾನೆ ಕೊಂಡು ಹೋಗಿತ್ತಲ್ಲ, ಅದಕ್ಕೆ ಬದಲು."